ಚಂಡಮಾರುತ ಜಾಸ್ತಿಯಾಗಿವೆಯೋ, ಹೆಸರು ಜಾಸ್ತಿಯಾಗಿವೆಯೋ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು. ಮೂರು ಎಕರೆ ರಾಗಿ, ಒಂದೂವರೆ ಎಕರೆ ಟೊಮೆಟೊ, ಉಳಿದದ್ದು ಮಾವು. 2021ರಲ್ಲಿ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ಆಮೇಲೆ 2022ರಲ್ಲಿ ಮ್ಯಾಂಡಸ್, 2024ರಲ್ಲಿ ಫೆಂಗಲ್ ಅಂತ ಅದೇ ಕಥೆ. ನಮ್ಮಪ್ಪ ಸುಮಾರು ನಲವತ್ತು ವರ್ಷದಿಂದ ಪಂಚಾಂಗದ ಅಂಚಿನಲ್ಲಿ ಮಳೆ ಬಂದ ದಿನಕ್ಕೆ ಗುರುತು ಹಾಕುತ್ತಾ ಬಂದವರು. ‘ನಮ್ಮ ಕಾಲದಲ್ಲಿ ಇಷ್ಟೊಂದು ಸೈಕ್ಲೋನ್ ಇರಲಿಲ್ಲ’ ಅಂತಾರೆ. ಟಿವಿಯವರು ಎಲ್ಲದಕ್ಕೂ ಸಮುದ್ರ ಕಾದಿದೆ ಅಂತಾರೆ. ಚಂಡಮಾರುತಗಳು ನಿಜವಾಗಿಯೂ ಹೆಚ್ಚಾಗಿವೆಯೆ? ಎಲ್ ನಿನೊ, ಲಾ ನಿನಾ, ಮೇಲ್ಗಾಳಿ ಅಂತೆಲ್ಲ ಹೇಳುತ್ತಾರಲ್ಲ, ಅದಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ? ರಾಗಿ ಬಿತ್ತನೆಯನ್ನು ಮುಂದೂಡಿದರೆ ಪ್ರಯೋಜನ ಇದೆಯೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಸುತ್ತಿ ಬರುವುದು ಆಮೇಲೆ ಇದ್ದೇ ಇದೆ. ನಮ್ಮ ಕಡೆಗೆ ಹಿಂಗಾರು ತರುವ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಸಂಖ್ಯೆ ಹೆಚ್ಚಾಗಿಲ್ಲ. ಲೆಕ್ಕ ತೆಗೆದರೆ ಒಂದಿಷ್ಟು ಇಳಿದೇ ಇದೆ. ಹೆಚ್ಚಾಗಿರುವುದು ಅರಬ್ಬಿ ಸಮುದ್ರದಲ್ಲಿ. ಅಲ್ಲಿ ಹುಟ್ಟಿದ್ದು ನಿಮ್ಮ ರಾಗಿಯ ತನಕ ಬರುವುದು ಅಪರೂಪ. ಹಾಗಾದರೆ ನಿಮ್ಮಪ್ಪ ಹೇಳಿದ್ದು ತಪ್ಪೇ ಅಂದರೆ, ಅದೂ ಅಲ್ಲ. ಹವಾಮಾನ ಇಲಾಖೆ ಎಣಿಸುವುದು ಸಮುದ್ರದ ಮೇಲಿನ ಗಾಳಿಯನ್ನು, ಅವರು ಎಣಿಸುವುದು ಹೊಲದ ಮೇಲೆ ಬಿದ್ದ ಮಳೆಯನ್ನು. ಎರಡೂ ಒಂದೇ ಅಂದುಕೊಂಡದ್ದರಿಂದ ಈ ಗೊಂದಲ.

ಹೆಸರಿನಿಂದ ಶುರು ಮಾಡೋಣ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಚಂಡಮಾರುತಗಳಿಗೆ ನಾಮಕರಣ ಮಾಡುವ ಪದ್ಧತಿ ಬಂದದ್ದೇ 2004ರಲ್ಲಿ. ಮೊದಲನೆಯದು ಆ ವರ್ಷ ಅರಬ್ಬಿ ಸಮುದ್ರದಲ್ಲಿ ಎದ್ದ ಓನಿಲ್. ಅದಕ್ಕೂ ಮುಂಚೆ ರೇಡಿಯೊದವರು ‘ಬಂಗಾಳ ಕೊಲ್ಲಿಯಲ್ಲಿ ಉಂಟಾಗಿರುವ ವಾಯುಭಾರ ಕುಸಿತದಿಂದಾಗಿ’ ಎಂದು ಒಂದೇ ರಾಗದಲ್ಲಿ ಓದಿ ಮುಗಿಸುತ್ತಿದ್ದರು. ಹೆಸರಿಲ್ಲದ್ದು ಯಾರ ನೆನಪಿನಲ್ಲಿ ಉಳಿದೀತು? ‘ಆ ವರ್ಷ ದೀಪಾವಳಿ ಆದಮೇಲೆ ಜಡಿ ಹಿಡಿದಿತ್ತಲ್ಲ’ ಅನ್ನುವಷ್ಟಕ್ಕೆ ಅದರ ಕಥೆ ಮುಗಿಯುತ್ತಿತ್ತು. ಈಗ ಹಾಗಲ್ಲ. 2020ರಲ್ಲಿ 13 ದೇಶಗಳು ಸೇರಿ 169 ಹೆಸರುಗಳ ಹೊಸ ಪಟ್ಟಿಯನ್ನೇ ಇಟ್ಟುಕೊಂಡಿವೆ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿತೋ, ಪಟ್ಟಿಯಿಂದ ಒಂದು ಹೆಸರು ಇಳಿಯುತ್ತದೆ, ಟಿವಿಯಲ್ಲಿ ಕೆಂಪು ಅಕ್ಷರ ಓಡುತ್ತದೆ, ಮೊಬೈಲಿನಲ್ಲಿ ಸುರುಳಿಯಾಕಾರದ ಚಿತ್ರ ಬರುತ್ತದೆ.

ಆದರೆ ನೀವೇ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ. 2022ಕ್ಕೆ ಮ್ಯಾಂಡಸ್ ಎಂದಿರಿ, 2024ಕ್ಕೆ ಫೆಂಗಲ್ ಎಂದಿರಿ. 2021ಕ್ಕೆ ಹೆಸರು ಬರೆದಿಲ್ಲ. ಮೂರರಲ್ಲಿ ನಿಮಗೆ ಅತಿ ಹೆಚ್ಚು ನಷ್ಟ ಮಾಡಿದ್ದು ಬಹುಶಃ ಅದೇ, ಮತ್ತು ಅದಕ್ಕೆ ಹೆಸರೇ ಇರಲಿಲ್ಲ. ಆ ನವೆಂಬರಿನಲ್ಲಿ ತಮಿಳುನಾಡಿನ ಉತ್ತರ ಕರಾವಳಿಯನ್ನು ಎರಡು ವಾಯುಭಾರ ಕುಸಿತಗಳು ದಾಟಿದವು: ಒಂದು 11ರಂದು ಚೆನ್ನೈ ಬಳಿ, ಇನ್ನೊಂದು 19ರ ಬೆಳಗಿನ ಜಾವ ಪುದುಚೇರಿ ಮತ್ತು ಚೆನ್ನೈ ನಡುವೆ. ಎರಡರ ಗಾಳಿಯೂ 50 ಕಿ.ಮೀ. ದಾಟಲಿಲ್ಲ. ಇಲಾಖೆಯ ಏಣಿಯಲ್ಲಿ ಅದು ಕೆಳಗಿನ ಮೆಟ್ಟಿಲು. ಅದರ ಮೇಲೆ ತೀವ್ರ ವಾಯುಭಾರ ಕುಸಿತ, ಆಮೇಲೆ ಚಂಡಮಾರುತ, ತೀವ್ರ, ಅತಿ ತೀವ್ರ, ಅತ್ಯಂತ ತೀವ್ರ, ಕೊನೆಗೆ 221 ಕಿ.ಮೀ. ದಾಟಿದರೆ ಸೂಪರ್ ಸೈಕ್ಲೋನ್. ಅಷ್ಟೆಲ್ಲ ಮೆಟ್ಟಿಲಿನಲ್ಲಿ ಕೆಳಗೆ ಕೂತಿದ್ದವೇ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳನ್ನು ಮುಳುಗಿಸಿದವು.

ಆಗ ನಾನು ಮುಳಬಾಗಿಲ ಹತ್ತಿರ ತಂಗಿಯ ಮನೆಯಲ್ಲಿದ್ದೆ. ವಿಶಾಖ ಮಳೆ ಮುಗಿದು ಅನುರಾಧ ಹುಟ್ಟುವ ಹೊತ್ತು. ರಾಗಿ ಕೊಯ್ದು ಅರಿ ಹಾಕಿದ್ದರು, ಎರಡು ಬಿಸಿಲು ಕಂಡರೆ ಸಿವುಡು ಕಟ್ಟಿ ಮೆದೆ ಒಟ್ಟುವುದೆಂದು. ಆ ಎರಡು ಬಿಸಿಲು ಬರಲೇ ಇಲ್ಲ. ಮೂರನೆಯ ದಿನ ಒಂದು ಹಿಡಿ ಎತ್ತಿ ನೋಡಿದೆ. ತೆನೆಯ ಬೆರಳುಗಳು ಅಂಗೈಯಂತೆ ಮುಚ್ಚಿಕೊಂಡಿದ್ದವು, ಅವುಗಳ ಸಂದಿನಿಂದ ಬಿಳಿ ಮೊಳಕೆ ನೂಲಿನಂತೆ ಹೊರಬಂದಿತ್ತು. ಕೆಳಗಿನ ಹುಲ್ಲು ಬಿಸಿಯಾಗಿ ಹುಳಿ ವಾಸನೆ. ಭಾವ ಏನೂ ಮಾತಾಡಲಿಲ್ಲ. ಒಂದು ತೆನೆಯನ್ನು ಉಜ್ಜಿ, ಮೂಸಿ, ‘ದನಕ್ಕೂ ಆಗಲ್ಲ’ ಎಂದು ಎಸೆದರು. ಗಾಳಿ ಅಂತೂ ಬಾಳೆ ಎಲೆ ಹರಿಯುವಷ್ಟೂ ಇರಲಿಲ್ಲ.

ಇದಕ್ಕೆ ಎದುರಾಗಿ 2016ನ್ನು ಇಟ್ಟು ನೋಡಿ. ಆ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ನೇರ ಚೆನ್ನೈ ನಗರವನ್ನೇ ಹಾಯ್ದು ಹೋಯಿತು. ಅಲ್ಲಿ ಸಾವಿರಾರು ಮರ ಬಿದ್ದವು. ಅದೇ ವರ್ಷ ತಮಿಳುನಾಡಿನ ಹಿಂಗಾರು ವಾಡಿಕೆಗಿಂತ ಶೇ. 62ರಷ್ಟು ಕಡಿಮೆ. ನಮ್ಮಲ್ಲೂ ಬರ. ದೊಡ್ಡ ಹೆಸರಿನ ಚಂಡಮಾರುತ ಬಂದ ವರ್ಷವೇ ಬರಗಾಲ, ಹೆಸರಿಲ್ಲದ ಕುಸಿತ ಬಂದ ವರ್ಷ ಪ್ರವಾಹ! 2015ರ ಡಿಸೆಂಬರ್ 1ರಂದು ಚೆನ್ನೈ ಮುಳುಗಿದ್ದಕ್ಕೂ ಹೆಸರಿಟ್ಟ ಚಂಡಮಾರುತ ಕಾರಣವಲ್ಲ. ಗಾಳಿಯ ಜೋರಿಗೂ ಮಳೆಯ ಮೊತ್ತಕ್ಕೂ ಅಂಥ ನೇರ ನಂಟಿಲ್ಲ ಅನ್ನುವುದನ್ನು ಗಟ್ಟಿ ಮಾಡಿಕೊಂಡರೆ ಮುಂದಿನದು ಸುಲಭ.

ಈಗ ಲೆಕ್ಕ. ‘ಸೈಕ್ಲೋನ್’ ಅನ್ನುವ ಮಾತೇ ಹುಟ್ಟಿದ್ದು ನಮ್ಮ ಕೊಲ್ಲಿಯ ದಡದಲ್ಲಿ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಹಡಗಿನವರಿಗಾಗಿ ಬರೆದ ಕೈಪಿಡಿಯಲ್ಲಿ 1848ರಲ್ಲಿ ಬಳಸಿದ್ದು. ಹಾವಿನ ಸುರುಳಿ ಎಂಬರ್ಥದ ಗ್ರೀಕ್ ಪದದಿಂದ ತೆಗೆದದ್ದು. 1864ರಲ್ಲಿ ಒಂದು ತಿಂಗಳೊಳಗೆ ಕಲ್ಕತ್ತೆ ಮತ್ತು ಮಚಲೀಪಟ್ಟಣ ಎರಡೂ ಹಾಳಾದವು. 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಲು ಅದೂ ಒಂದು ಕಾರಣ. 1891ರಿಂದ ಈಚೆಗೆ ಕೊಲ್ಲಿಯಲ್ಲಿ ಎದ್ದ ಪ್ರತಿ ಕುಸಿತದ ದಾರಿಯನ್ನೂ ಇಲಾಖೆ ನಕ್ಷೆಯಲ್ಲಿ ಗುರುತಿಸಿಟ್ಟಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ನಕ್ಷೆಗಳನ್ನು ಗಂಟೆಗಟ್ಟಲೆ ನೋಡುತ್ತಾ ಕೂತಿರುತ್ತಿದ್ದೆ. ಒಂದೊಂದು ತಿಂಗಳಿಗೆ ಒಂದೊಂದು ಹಾಳೆ. ನವೆಂಬರಿನ ಹಾಳೆ ಅಂದರೆ ಕೋಳಿ ಕೆದಕಿದ ತಿಪ್ಪೆ, ಗೆರೆಯ ಮೇಲೆ ಗೆರೆ.

ಆ ಗೆರೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಅನ್ನುವುದು ಬೇರೆ ಪ್ರಶ್ನೆ. ಉಪಗ್ರಹ ಬರುವ ಮುಂಚೆ ನಡುಸಮುದ್ರದಲ್ಲಿ ಎದ್ದದ್ದು ಲೆಕ್ಕಕ್ಕೆ ಸಿಗಬೇಕಾದರೆ ಒಂದೋ ಯಾವುದಾದರೂ ಹಡಗು ಅದಕ್ಕೆ ಸಿಕ್ಕಿಕೊಳ್ಳಬೇಕಿತ್ತು, ಇಲ್ಲವೇ ಅದು ದಡಕ್ಕೆ ಬಂದು ಬಡಿಯಬೇಕಿತ್ತು. ಹವಾಮಾನದ ಮೊದಲ ಉಪಗ್ರಹ ಹಾರಿದ್ದು 1960ರಲ್ಲಿ. ಮೋಡದ ಆಕಾರ ನೋಡಿ ಗಾಳಿಯ ಬಲ ಅಳೆಯುವ ಡ್ವೊರಾಕ್ ವಿಧಾನ ಬಂದದ್ದು 1970ರ ದಶಕದಲ್ಲಿ. ಅಂದರೆ ಹಳೆಯ ಕಾಲದ ಎಣಿಕೆಯಲ್ಲಿ ಕೆಲವು ತಪ್ಪಿಹೋಗಿರಲೇಬೇಕು. ಹಾಗಿದ್ದೂ ಕೊಲ್ಲಿಯ ಸಂಖ್ಯೆ ಕಾಲ ಕಳೆದಂತೆ ಇಳಿದಿದೆ ಎಂದು ತೋರುತ್ತಿದೆಯಲ್ಲ, ಆ ಇಳಿತ ನಿಜ ಅನ್ನಲು ಅದೇ ನನಗೆ ಬಲವಾದ ಕಾರಣ. ಮುಖ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿ ಒಡಿಶಾ ಕಡೆಗೆ ಹೋಗುತ್ತಿದ್ದ ಕುಸಿತಗಳು ಕಳೆದ ಶತಮಾನದ ಮಧ್ಯದಿಂದ ಕಡಿಮೆಯಾಗಿವೆ. ಬಲದ ವಿಚಾರದಲ್ಲಿ ಮಾತ್ರ ಇದು ತಿರುಗುಮುರುಗು. ಹಿಂದಿನವು ಎಷ್ಟು ಬಲವಾಗಿದ್ದವೆಂದು ಅಳೆದವರೇ ಇಲ್ಲ, ಹಾಗಾಗಿ 1980ಕ್ಕಿಂತ ಹಿಂದಕ್ಕೆ ಹೋಗಿ ‘ಆಗ ದುರ್ಬಲವಾಗಿದ್ದವು’ ಎಂದು ಯಾರಾದರೂ ಹೇಳಿದರೆ ನಾನು ಕಿವಿ ಕೊಡುವುದಿಲ್ಲ. 1970ರ ನವೆಂಬರ್ 12ರಂದು ಭೋಲಾ ದ್ವೀಪದ ಕಡೆ ಲಕ್ಷಗಟ್ಟಲೆ ಜನ ಸತ್ತರು. 1977ರ ನವೆಂಬರ್ 19ರಂದು ಪಕ್ಕದ ಆಂಧ್ರದ ದಿವಿಸೀಮೆಯಲ್ಲಿ ಊರಿಗೆ ಊರೇ ಕೊಚ್ಚಿಹೋಯಿತು. ಅವನ್ನು ದುರ್ಬಲ ಅನ್ನುವ ಧೈರ್ಯ ಯಾರಿಗಿದೆ?

ಸರಾಸರಿ ಹೇಳಬೇಕೆಂದರೆ ನಮ್ಮ ಎರಡು ಕಡಲುಗಳಲ್ಲಿ ಸೇರಿ ವರ್ಷಕ್ಕೆ ಸುಮಾರು ಐದು ಚಂಡಮಾರುತ. ನಾಲ್ಕು ಕೊಲ್ಲಿಯಲ್ಲಿ, ಒಂದು ಅರಬ್ಬಿಯಲ್ಲಿ ಅನ್ನುವುದು ನಾವು ಓದಿಕೊಂಡು ಬಂದ ಪಾಠ. ಆ ಪಾಠ ಈಗ ಅಲ್ಲಾಡುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಶೋಧನಾ ಸಂಸ್ಥೆಯ (ಐಐಟಿಎಂ) ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿದವು, ಕೊಲ್ಲಿಯವು ಶೇ. 8ರಷ್ಟು ಇಳಿದವು. ಅರಬ್ಬಿಯಲ್ಲಿ ಅತಿ ತೀವ್ರ ದರ್ಜೆಯವು ಶೇ. 150ರಷ್ಟು ಏರಿದವು. ಶೇಕಡಾವಾರು ಲೆಕ್ಕ ಕೇಳಿದಾಗ ಒಂದು ಎಚ್ಚರ ಇರಲಿ: ಮೂಲದಲ್ಲಿ ಸಂಖ್ಯೆಯೇ ಸಣ್ಣದಿದ್ದರೆ ಎರಡು-ಮೂರು ಸೇರಿದರೂ ಶೇಕಡಾ ಜಿಗಿಯುತ್ತದೆ. ಆದರೂ 2019ರಂತಹ ವರ್ಷವನ್ನು ನೋಡಿದವರಿಗೆ ಏನೋ ಬದಲಾಗಿದೆ ಎಂದು ಅನ್ನಿಸದೆ ಇರದು. ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂದು ಒಂದೇ ವರ್ಷದಲ್ಲಿ ಐದು, ಅದರಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್. 2021ರಲ್ಲಿ ತೌಕ್ತೆ, 2023ರಲ್ಲಿ ಹದಿಮೂರು ದಿನ ಸಮುದ್ರದಲ್ಲಿ ಅಲೆದಾಡಿದ ಬಿಪರ್‌ಜಾಯ್. ಇವು ಕೋಲಾರಕ್ಕೆ ಮಳೆ ತರುವುದು ಅಪರೂಪ ಎಂದೆ. ಇದ್ದ ಮಳೆಯನ್ನು ತಡ ಮಾಡುವುದುಂಟು. ಬಿಪರ್‌ಜಾಯ್ ಅಲ್ಲಿ ಕೂತು ತೇವವನ್ನೆಲ್ಲ ತನ್ನ ಕಡೆಗೆ ಸೆಳೆಯುತ್ತಿದ್ದಾಗ ಆ ವರ್ಷದ ಮುಂಗಾರು ಕೇರಳಕ್ಕೆ ಜೂನ್ 8ಕ್ಕೆ ಬಂತು, ಬಂದ ಮೇಲೂ ಒಳನಾಡಿಗೆ ತೆವಳುತ್ತಾ ಬಂತು.

ಇದಕ್ಕೆಲ್ಲ ಸಮುದ್ರ ಕಾದದ್ದೊಂದೇ ಕಾರಣವೆ? ಟಿವಿಯವರ ಮೇಲೆ ನನಗಿರುವ ತಕರಾರು ಇಲ್ಲೇ. 1951ರಿಂದ 2015ರವರೆಗೆ ಹಿಂದೂ ಮಹಾಸಾಗರದ ಉಷ್ಣವಲಯದ ಭಾಗ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ, ಅದರಲ್ಲಿ ಅನುಮಾನವಿಲ್ಲ. ಚಂಡಮಾರುತ ಹುಟ್ಟಲು ಬೇಕಾದ ಕಾವು 26.5 ಡಿಗ್ರಿಯ ಆಸುಪಾಸು. ಬಂಗಾಳ ಕೊಲ್ಲಿಯಲ್ಲಿ ಅದು ವರ್ಷದ ಬಹುಪಾಲು ಇದ್ದೇ ಇರುತ್ತದೆ. ಗಂಗಾ, ಬ್ರಹ್ಮಪುತ್ರಗಳ ಸಿಹಿನೀರು ಉಪ್ಪುನೀರಿನ ಮೇಲೆ ಕೆನೆಯಂತೆ ಹರಡಿಕೊಂಡು ಕೆಳಗಿನ ತಣ್ಣನೆಯ ನೀರು ಮೇಲೆ ಬರದಂತೆ ತಡೆಯುತ್ತದೆ, ಹಾಗಾಗಿ ಕಾವು ಮೇಲೇ ಉಳಿಯುತ್ತದೆ. ಕಾವೊಂದೇ ಸಾಕಾಗಿದ್ದರೆ ಕೊಲ್ಲಿಯಲ್ಲಿ ಜುಲೈ, ಆಗಸ್ಟಿನಲ್ಲೂ ಚಂಡಮಾರುತ ಏಳಬೇಕಿತ್ತು. ಏಳುವುದಿಲ್ಲ. ಮೇಲ್ಗಾಳಿ ಬಿಡುವುದಿಲ್ಲ.

ಕುಂಬಾರ ತಿಗರಿಯ ಮೇಲೆ ಮಡಕೆ ಎತ್ತುವುದನ್ನು ನೋಡಿದ್ದೀರಲ್ಲ. ಮಣ್ಣು ತಿರುಗುತ್ತಾ ನೆಟ್ಟಗೆ ಮೇಲೇಳಬೇಕು. ಬುಡ ತಿರುಗುತ್ತಿರುವಾಗಲೇ ಯಾರೋ ಬಂದು ಬಾಯಿಯ ಕಡೆಯನ್ನು ಒಂದು ಪಕ್ಕಕ್ಕೆ ತಳ್ಳಿದರೆ ಮಡಕೆ ಕುಸಿದು ಮುದ್ದೆಯಾಗುತ್ತದೆ. ಚಂಡಮಾರುತವೂ ಹದಿನೈದು ಕಿ.ಮೀ. ಎತ್ತರದ ಮಡಕೆ. ಮುಂಗಾರಿನಲ್ಲಿ ಕೆಳಗೆ ನೈರುತ್ಯದ ಗಾಳಿ ಜೋರಾಗಿ ಬೀಸುತ್ತಿರುತ್ತದೆ. ಮೇಲೆ, ವಿಮಾನಗಳು ಹಾರುವುದಕ್ಕಿಂತ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಗಂಟೆಗೆ ನೂರು ಕಿ.ಮೀ.ಗೂ ಮಿಕ್ಕ ವೇಗದ ಇನ್ನೊಂದು ಗಾಳಿಯ ನದಿ ಓಡುತ್ತಿರುತ್ತದೆ. ನಮ್ಮ ಇಲಾಖೆಯ ಪಿ. ಕೋಟೇಶ್ವರಂ 1958ರಲ್ಲಿ ಅದನ್ನು ಜಗತ್ತಿಗೆ ತಿಳಿಸಿಕೊಟ್ಟರು. ಬುಡ ಒಂದು ಕಡೆ, ಬಾಯಿ ಇನ್ನೊಂದು ಕಡೆ ಎಳೆದಾಗ ಮಡಕೆ ಎಲ್ಲಿ ನಿಲ್ಲುತ್ತದೆ? ಅಕ್ಟೋಬರ್ ಬಂತೆಂದರೆ ಎರಡೂ ಸಡಿಲವಾಗುತ್ತವೆ, ಮಳೆಮೋಡದ ಪಟ್ಟಿ ದಕ್ಷಿಣ ಕೊಲ್ಲಿಗೆ ಸರಿದಿರುತ್ತದೆ, ಸಮುದ್ರ ಇನ್ನೂ ಬೆಚ್ಚಗಿರುತ್ತದೆ. ಅದಕ್ಕೇ ಹಸ್ತ, ಚಿತ್ತ ಕಳೆದು ಸ್ವಾತಿ ಹಿಡಿದಮೇಲೆ ನಮಗೆ ಕೊಲ್ಲಿಯ ಮಳೆ. ಕೋಲಾರ ಜಿಲ್ಲೆಯ ವರ್ಷದ ಮಳೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈ ಮೂರು ತಿಂಗಳಲ್ಲಿ.

ಅರಬ್ಬಿಯಲ್ಲಿ ಹೆಚ್ಚಾಗಿದ್ದಕ್ಕೂ ಅರ್ಧ ಕಾರಣ ಇದೇ. ಆ ಮೇಲಿನ ಗಾಳಿಯ ನದಿ ಕಳೆದ ಶತಮಾನದ ಮಧ್ಯದಲ್ಲಿ ಇದ್ದುದಕ್ಕಿಂತ ಸೊರಗಿದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಮೇಲೂ ಕೆಳಗೂ ಎಳೆದಾಟ ಕಡಿಮೆಯಾದರೆ ಮಡಕೆ ನಿಲ್ಲುತ್ತದೆ. ಭಾರತದ ಮೇಲೆ ಕವಿದ ಹೊಗೆ, ಮಸಿಯ ಹೊದಿಕೆಯೇ ಮುಂಗಾರಿನ ಮುಂಚಿನ ಗಾಳಿಯನ್ನು ಸಡಿಲಿಸಿದೆ ಎಂದು 2011ರಲ್ಲಿ ಒಂದು ವಾದ ಬಂತು. ಅದಕ್ಕೆ ಪ್ರತಿವಾದವೂ ಬಂತು. ನನಗೆ ಆ ಮಸಿಯ ವಾದ ಪೂರ್ತಿ ಒಪ್ಪಿಗೆಯಾಗಿಲ್ಲ.

ಈಗ ಎಲ್ ನಿನೊ, ಲಾ ನಿನಾ. ಸಮಭಾಜಕದ ಬಳಿ ಶಾಂತಸಾಗರದ ಮಧ್ಯ ಮತ್ತು ಪೂರ್ವಭಾಗದ ನೀರು ವಾಡಿಕೆಗಿಂತ ಕಾದರೆ ಎಲ್ ನಿನೊ, ತಣ್ಣಗಾದರೆ ಲಾ ನಿನಾ. ಇದರಲ್ಲಿ ನಮ್ಮ ಕಡೆಯವರು ಎಡವುವುದು ಒಂದೇ ಜಾಗದಲ್ಲಿ. ಎಲ್ ನಿನೊ ಅಂದರೆ ಬರ ಎಂದು ಮುಂಗಾರಿನಿಂದ ಕಲಿತುಕೊಂಡಿದ್ದೇವೆ. ಹಿಂಗಾರಿಗೆ ಅದೇ ಪಾಠ ಹಚ್ಚಿದರೆ ಉಲ್ಟಾ. ಶಾಂತಸಾಗರದ ಪೂರ್ವಕ್ಕೂ ಪಶ್ಚಿಮಕ್ಕೂ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಪತ್ತೆ ಮಾಡಿದವರು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದವರು, ಮುಂಗಾರು ಕೈಕೊಡುವುದೇಕೆ ಎಂದು ಹುಡುಕುತ್ತಾ ಹೋಗಿ ಈ ತಕ್ಕಡಿಗೆ ಬಂದು ಮುಟ್ಟಿದರು. ಲಾ ನಿನಾ ವರ್ಷದಲ್ಲಿ ಬಿಸಿ ನೀರು, ಮೇಲೇಳುವ ಗಾಳಿ ಎರಡೂ ಇಂಡೊನೇಷ್ಯಾದ ಕಡೆ ಜಮಾಯಿಸುತ್ತವೆ. ಕೊಲ್ಲಿಯಲ್ಲಿ ಚಂಡಮಾರುತಗಳಿಗೆ ಅದು ಹಬ್ಬ. ಆದರೆ ಹುಟ್ಟಿದವು ಎಷ್ಟೋ ಸಲ ಆಂಧ್ರ, ಒಡಿಶಾ, ಬಾಂಗ್ಲಾ ಎಂದು ಉತ್ತರಕ್ಕೆ ತಿರುಗಿಕೊಳ್ಳುತ್ತವೆ. ಎಲ್ ನಿನೊ ವರ್ಷದಲ್ಲಿ ಬಲವಾದವು ಕಡಿಮೆ. ಆದರೆ ದಕ್ಷಿಣ ಕೊಲ್ಲಿಯಲ್ಲಿ ಪೂರ್ವದ ಗಾಳಿ ತೇವ ತುಂಬಿಕೊಂಡು ತಮಿಳುನಾಡಿನ ಕಡೆಗೆ ನುಗ್ಗುತ್ತದೆ. ಚಂಡಮಾರುತ ಕಡಿಮೆ, ಮಳೆ ಜಾಸ್ತಿ. ಚೆನ್ನೈ ಮುಳುಗಿದ 2015 ದೊಡ್ಡ ಎಲ್ ನಿನೊ ವರ್ಷ.

ಹಾಗೆಂದು ಇದನ್ನು ಗೋಡೆಯ ಮೇಲೆ ಬರೆದುಕೊಳ್ಳಬೇಡಿ. 2021 ಲಾ ನಿನಾ ವರ್ಷ. ಪುಸ್ತಕದ ಪ್ರಕಾರ ಹಿಂಗಾರು ಸೊರಗಬೇಕಿತ್ತು. ಆದದ್ದೇನೆಂದು ನಿಮ್ಮ ಹೊಲವೇ ಹೇಳಿದೆ. ಪಶ್ಚಿಮದ ಹಿಂದೂ ಮಹಾಸಾಗರ ಪೂರ್ವಕ್ಕಿಂತ ಬಿಸಿಯಾಗಿದೆಯೋ ಇಲ್ಲವೋ ಅನ್ನುವ ಇನ್ನೊಂದು ತಕ್ಕಡಿ ಇದೆ. ಅದು 2019ರಲ್ಲಿ ಒಂದು ಕಡೆ ಪೂರಾ ವಾಲಿ ಅರಬ್ಬಿಯನ್ನು ಕುದಿಸಿತು, 2016ರಲ್ಲಿ ಇನ್ನೊಂದು ಕಡೆ ವಾಲಿ ನಮ್ಮ ಹಿಂಗಾರನ್ನು ಒಣಗಿಸಿತು. ಇವೆರಡರ ಮೇಲೆ, ಮೂವತ್ತರಿಂದ ಅರವತ್ತು ದಿನಕ್ಕೊಮ್ಮೆ ಸಮಭಾಜಕದ ಉದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ಮೋಡಗಳ ಒಂದು ದೊಡ್ಡ ಅಲೆಯಿದೆ. ಮ್ಯಾಡನ್ ಮತ್ತು ಜೂಲಿಯನ್ ಎಂಬಿಬ್ಬರು 1971ರಲ್ಲಿ ಗುರುತಿಸಿದ್ದು. ವರ್ಷ ಎಂಥದ್ದೇ ಇರಲಿ, ಆ ಅಲೆ ಹಿಂದೂ ಮಹಾಸಾಗರದ ಮೇಲೆ ಇರುವ ವಾರಗಳಲ್ಲಿ ಕುಸಿತಗಳು ಒಂದರ ಹಿಂದೊಂದು ಹುಟ್ಟುವುದು ಹೆಚ್ಚು, ಮುಂದಕ್ಕೆ ಹೋಯಿತೆಂದರೆ ಎರಡು ಮೂರು ವಾರ ಬಿಡುವು. ವರ್ಷದ ಜಾತಕಕ್ಕಿಂತ ಈ ಅಲೆಯ ಓಡಾಟವೇ ರೈತನಿಗೆ ಉಪಯೋಗ ಅನ್ನುವುದು ನನ್ನ ಅಭಿಪ್ರಾಯ. ಎರಡು ವಾರದ ಮುನ್ಸೂಚನೆಗೆ ಸ್ವಲ್ಪವಾದರೂ ಬಲ ಬಂದಿರುವುದು ಇದರಿಂದ.

ಇಷ್ಟೆಲ್ಲ ಆದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಹುಟ್ಟಿದ್ದು ನಮ್ಮ ಕಡೆ ಬರುತ್ತದೋ ಇಲ್ಲವೋ? ಚಂಡಮಾರುತಕ್ಕೆ ಸ್ವಂತ ಕಾಲಿಲ್ಲ. ಹೊಳೆಯಲ್ಲಿ ಬಿದ್ದ ತೆಂಗಿನಕಾಯಿಯ ಹಾಗೆ ಸುತ್ತಲಿನ ಗಾಳಿ ಎತ್ತ ಒಯ್ದರೆ ಅತ್ತ. ನೆತ್ತಿಯ ಮೇಲೆ ಉತ್ತರಕ್ಕೆ ಅಧಿಕ ಒತ್ತಡದ ಒಂದು ದಿಣ್ಣೆ ಇರುತ್ತದೆ. ಅದು ಗಟ್ಟಿಯಾಗಿದ್ದರೆ ಕುಸಿತ ಅದರ ದಕ್ಷಿಣದ ಅಂಚಿಗೆ ಆತುಕೊಂಡು ಪಶ್ಚಿಮಕ್ಕೆ, ಅಂದರೆ ಚೆನ್ನೈ, ಪುದುಚೇರಿ ದಾಟಿ ನಮ್ಮತ್ತ ಬರುತ್ತದೆ. ಉತ್ತರದಿಂದ ಪಡುವಣ ಗಾಳಿ ಇಳಿದು ಆ ದಿಣ್ಣೆಯನ್ನು ಕತ್ತರಿಸಿದರೆ ಕುಸಿತ ಉತ್ತರಕ್ಕೆ, ಆಮೇಲೆ ಈಶಾನ್ಯಕ್ಕೆ ತಿರುಗಿಬಿಡುತ್ತದೆ. ಎರಡು ದಿಣ್ಣೆಗಳ ನಡುವೆ ಸಿಕ್ಕಿಕೊಂಡರೆ ಅಲ್ಲೇ ನಿಲ್ಲುತ್ತದೆ. ಫೆಂಗಲ್ ಮಾಡಿದ್ದು ಅದನ್ನೇ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಹತ್ತಿ ಗಂಟೆಗಟ್ಟಲೆ ಕದಲಲಿಲ್ಲ. ಆಮೇಲೆ ಬಲ ಕಳೆದುಕೊಂಡು ಒಳನಾಡಿಗೆ ತೆವಳುವಾಗ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನ ಸುಮಾರು 50 ಸೆಂ.ಮೀ. ಸುರಿಯಿತು. ಊತಂಗರೆಗೂ ಕೆಜಿಎಫ್‌ಗೂ ನೇರ ಅಳೆದರೆ ನೂರು ಕಿ.ಮೀ. ಇಲ್ಲ. ಆ ಮೋಡ ಇನ್ನೊಂದಿಷ್ಟು ವಾಯವ್ಯಕ್ಕೆ ಸರಿದಿದ್ದರೆ ಬೇತಮಂಗಲದ ಕಡೆಯವರ ಗತಿ ನೆನೆಸಿಕೊಳ್ಳಿ. ಜಗತ್ತಿನಾದ್ಯಂತ ಚಂಡಮಾರುತಗಳ ನಡಿಗೆ 1949ರಿಂದ 2016ರ ನಡುವೆ ಶೇ. 10ರಷ್ಟು ನಿಧಾನವಾಗಿದೆ ಎಂದು 2018ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಜೇಮ್ಸ್ ಕಾಸಿನ್ ಬರೆದರು. ಉಪಗ್ರಹದ ಹಿಂದಿನ ಲೆಕ್ಕ ಸೇರಿದ್ದರಿಂದ ಹಾಗೆ ಕಾಣುತ್ತಿದೆ ಎಂದು ಬೇರೆಯವರು ತಕರಾರು ತೆಗೆದರು. ಅದು ಇತ್ಯರ್ಥವಾಗುವವರೆಗೆ ನಾನು ಕಾಯುತ್ತೇನೆ. ಆದರೆ ತೇವದ ಲೆಕ್ಕ ಭೌತಶಾಸ್ತ್ರದ್ದು, ಅದರಲ್ಲಿ ತಕರಾರಿಲ್ಲ: ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ನಿಮ್ಮಪ್ಪ ಹೇಳುವುದರಲ್ಲಿ ಸತ್ಯ ಇರುವುದಾದರೆ ಅದು ಇಲ್ಲಿದೆ. ಬರುವವು ಹೆಚ್ಚಾಗಿಲ್ಲ, ಬಂದವು ಹೊತ್ತು ತರುವ ನೀರು ಹೆಚ್ಚಾಗಿದೆ.

ಯಾವ ಮಗ್ಗುಲಿಗೆ ಹಾದುಹೋಗುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ನಮ್ಮ ಗೋಳಾರ್ಧದಲ್ಲಿ ಕುಸಿತದ ಗಾಳಿ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಅದು ಪುದುಚೇರಿ, ತಿರುವಣ್ಣಾಮಲೈ ದಾರಿ ಹಿಡಿದರೆ ಕೋಲಾರ ಅದರ ಉತ್ತರಕ್ಕೆ ಬೀಳುತ್ತದೆ, ಆಗ ಗಾಳಿ ಸಮುದ್ರದಿಂದ ನೇರ ಪಲಮನೇರು ಘಾಟಿ ಹತ್ತಿ ನಮ್ಮ ಎಂಟುನೂರು ಮೀಟರಿನ ಬಯಲಿಗೆ ಏರಿ ನೀರು ಸುರಿಸುತ್ತದೆ. ಅದೇ ನೆಲ್ಲೂರು, ಬಾಪಟ್ಲ ಎಂದು ಹೋದರೆ ನಾವು ಅದರ ಎಡಗಡೆ. ಗಾಳಿ ನೆಲದ ಮೇಲಿಂದ ಒಣಗಿ ಬರುತ್ತದೆ. ಮೋಡ, ಚಳಿ, ಒಂದಿಷ್ಟು ತುಂತುರು, ಅಷ್ಟೆ.

ಇದನ್ನು ನೀವೇ ಹೊಲದಲ್ಲಿ ನಿಂತು ನೋಡಬಹುದು. ಮರ, ಮನೆ ಅಡ್ಡ ಇಲ್ಲದ ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿ, ಸ್ವಲ್ಪ ಮುಂದಕ್ಕೆ. ಕುಸಿತ ಇರುವುದು ಆ ದಿಕ್ಕಿಗೆ. ಡಚ್ ಹವಾಮಾನ ವಿಜ್ಞಾನಿ ಬಾಯ್ಸ್ ಬ್ಯಾಲೆಟ್ 1857ರಲ್ಲಿ ಹೇಳಿದ ಉಪಾಯ ಇದು, ಹಡಗಿನವರು ಇವತ್ತಿಗೂ ಮರೆತಿಲ್ಲ. ಮೂರು ನಾಲ್ಕು ಗಂಟೆ ಬಿಟ್ಟು ಮತ್ತೆ ನಿಂತು ನೋಡಿ. ಉತ್ತರದಿಂದ ಬೀಸುತ್ತಿದ್ದ ಗಾಳಿ ಈಶಾನ್ಯಕ್ಕೆ, ಪೂರ್ವಕ್ಕೆ ತಿರುಗಿದರೆ ಅದು ನಿಮ್ಮ ದಕ್ಷಿಣಕ್ಕೆ ಹಾಯುತ್ತಿದೆ, ಕೊಯ್ದದ್ದು ಇದ್ದರೆ ಓಡಿ. ಉತ್ತರದಿಂದ ವಾಯವ್ಯಕ್ಕೆ, ಪಶ್ಚಿಮಕ್ಕೆ ತಿರುಗಿದರೆ ಆಂಧ್ರದ ಕಡೆ ಹೊರಟಿದೆ, ಬೀಡಿ ಸೇದಿಕೊಂಡು ಕೂರಬಹುದು. ನಾನೇ ಈ ಪಾಠ ಮರೆತು ಮರ್ಯಾದೆ ಕಳೆದುಕೊಂಡಿದ್ದೇನೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚೆನ್ನೈ ಮುಂದೆ ಕೂತಿದ್ದಾಗ ನಕ್ಷೆ ನೋಡುವ ಮೊದಲೇ ಭಾವನಿಗೆ ಫೋನು ಮಾಡಿ ‘ಕೊಯ್ದುಬಿಡಿ, ಕಟ್ಟಿಬಿಡಿ’ ಎಂದು ಗಡಿಬಿಡಿ ಮಾಡಿದೆ. ದುಪ್ಪಟ್ಟು ಕೂಲಿ ಕೊಟ್ಟು ರಾತ್ರಿ ಟಾರ್ಪಾಲು ಹೊದೆಸಿದರು. ಮಿಚಾಂಗ್ 5ನೇ ತಾರೀಕು ಬಾಪಟ್ಲಕ್ಕೆ ಹೋಗಿ ಸೇರಿತು. ಮುಳಬಾಗಿಲಲ್ಲಿ ಚಳಿಯೇ ಜಾಸ್ತಿ. ‘ನಿಮ್ಮ ಸೈಕ್ಲೋನ್‌ಗೆ ಅಡ್ರೆಸ್ ಕೊಟ್ಟಿರಲಿಲ್ವಾ?’ ಎಂದು ಅವರು ಈಗಲೂ ಕೇಳುತ್ತಾರೆ.

ಕೊನೆಯದಾಗಿ ಬಿತ್ತನೆ. ಮುಂದೂಡುವುದು ಬೇಡ. ಜಿಪಿಯು-28 ರಾಗಿ ತಳಿಗೆ 110ರಿಂದ 115 ದಿನ. ಜುಲೈ 20ಕ್ಕೆ ಬಿತ್ತಿದರೆ ನವೆಂಬರ್ ಎರಡನೇ ವಾರ, ಆಗಸ್ಟ್ 5ಕ್ಕೆ ಬಿತ್ತಿದರೆ ನವೆಂಬರ್ ಕೊನೆ. ಕೊಲ್ಲಿಯಲ್ಲಿ ಅತಿ ಹೆಚ್ಚು ಚಂಡಮಾರುತ ಏಳುವ ತಿಂಗಳೇ ನವೆಂಬರ್. ಅದನ್ನು ದಾಟಿಸಬೇಕೆಂದರೆ ಆಗಸ್ಟ್ ಮುಗಿಯುವವರೆಗೆ ಕಾಯಬೇಕು. ಆಗ ಹಿಂಗಾರು 2016ರಂತೆ ಕೈಕೊಟ್ಟರೆ ತೆನೆಯಲ್ಲಿ ಕಾಳೇ ಕಟ್ಟುವುದಿಲ್ಲ. ಮೊಳಕೆಯ ಭಯಕ್ಕೆ ಜೊಳ್ಳನ್ನು ಕೊಂಡುಕೊಂಡಂತಾಗುತ್ತದೆ. ನಾನಾಗಿದ್ದರೆ ಮೂರು ಎಕರೆಯನ್ನು ಒಂದೇ ದಿನ ಬಿತ್ತುವುದಿಲ್ಲ. ಎರಡು ಎಕರೆ ಜುಲೈನಲ್ಲಿ, ಉಳಿದದ್ದಕ್ಕೆ ಜಿಪಿಯು-48ರಂತಹ ನೂರು ದಿನದ ಆಸುಪಾಸಿನ ತಳಿ, ಮೂರು ನಾಲ್ಕು ವಾರ ಬಿಟ್ಟು. ಎರಡೂ ಒಟ್ಟಿಗೆ ನೆನೆಯುವ ಸಂಭವ ಕಡಿಮೆ. ಮಾವಿನ ವಿಷಯ ಬೇರೆ. ಡಿಸೆಂಬರಿನ ಮಳೆ ಮಾವಿಗೆ ಹೂವು ತಡ ಮಾಡುತ್ತದೆ, ಅದಕ್ಕೆ ಮಾಡಬಹುದಾದ್ದು ಹೆಚ್ಚೇನಿಲ್ಲ. ಟೊಮೆಟೊಗೆ ಅಂಗಮಾರಿ ಔಷಧಿಯನ್ನು ಮೋಡ ಕವಿದ ಮೇಲಲ್ಲ, ಕವಿಯುವ ಮುಂಚೆ ಹೊಡೆಯಿರಿ.

ಬಿತ್ತನೆಯ ದಿನಕ್ಕಿಂತ ಕೊಯ್ಲಿನ ದಿನ ನಿಮ್ಮ ಕೈಯಲ್ಲಿ ಹೆಚ್ಚು ಇದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ವಾರಗಳ ಮುನ್ಸೂಚನೆ ಹೊರಡಿಸುತ್ತದೆ, ಕೊಲ್ಲಿಯಲ್ಲಿ ಕುಸಿತ ಏಳುವ ಸಂಭವ ಇದೆಯೇ ಎಂದು ದಿನವೂ ಹೇಳುತ್ತದೆ. ಮಂಗಳವಾರ, ಶುಕ್ರವಾರ ಜಿಲ್ಲೆಯ ಕೃಷಿ ಹವಾಮಾನ ವರದಿ ಬರುತ್ತದೆ, ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಚಂಡಮಾರುತಕ್ಕೆ ಹೆಸರು ಇಟ್ಟರೋ ಇಲ್ಲವೋ ನೋಡಬೇಡಿ. ‘ದಕ್ಷಿಣ ಕೊಲ್ಲಿಯಲ್ಲಿ ಕಡಿಮೆ ಒತ್ತಡ, ಪಶ್ಚಿಮ-ವಾಯವ್ಯಕ್ಕೆ ಚಲಿಸುವ ಸಾಧ್ಯತೆ’ ಎಂಬ ಸಾಲು ಕಂಡರೆ ನಿಮಗೆ ನಾಲ್ಕೈದು ದಿನ ಇದೆ ಎಂದರ್ಥ. ಬಲಿತಿದ್ದರೆ ಕೊಯ್ದು ಮೆದೆಗೆ ಸೇರಿಸಿ. ಬಲಿತಿಲ್ಲವೋ, ನಿಂತ ಪೈರನ್ನು ಮುಟ್ಟಬೇಡಿ. ನಿಂತ ತೆನೆ ನೆನೆದರೂ ಗಾಳಿಗೆ ಆರುತ್ತದೆ, ಅರಿ ಹಾಕಿದ್ದು ನೆಲದ ತೇವಕ್ಕೆ ಸಿಕ್ಕಿ ಮೊದಲು ಮೊಳೆಯುತ್ತದೆ.

2021ರಲ್ಲಿ ನಮ್ಮ ರಾಗಿ ಹೋಯಿತು. ಅದೇ ಮಳೆಗೆ ಎಷ್ಟೋ ಕೆರೆ ಕೋಡಿ ಬಿದ್ದು ಪಾಲಾರಿನಲ್ಲಿ ನೀರು ಓಡಿತು, ನೋಡಲು ಜನ ಸೇತುವೆಯ ಮೇಲೆ ಸಾಲುಗಟ್ಟಿ ನಿಂತಿದ್ದರು. ಭಾವನೂ ಹೋಗಿದ್ದರು, ಬಾಳೆಹಣ್ಣು, ಕುಂಕುಮ ಹಿಡಿದುಕೊಂಡು.

ನಿಮ್ಮಪ್ಪನ ಪಂಚಾಂಗಗಳ ಬಗ್ಗೆ ಒಂದು ಮಾತು. ಇಲಾಖೆಯ ನಕ್ಷೆಯಲ್ಲಿ ಕುಸಿತ ಎಲ್ಲಿ ಹುಟ್ಟಿ ಎಲ್ಲಿ ಸತ್ತಿತು ಎಂದಿದೆ, ದಡ ಹತ್ತಿದ ಮೇಲೆ ನಿಮ್ಮ ಹೊಲದ ಮೇಲೆ ಎಷ್ಟು ದಿನ ಕೂತಿತ್ತು ಎಂದಿಲ್ಲ. ಸ್ವಾತಿಯಿಂದ ಜ್ಯೇಷ್ಠದವರೆಗಿನ ಪುಟಗಳು ಸಾಕು, ಎಷ್ಟು ವರ್ಷದ್ದು ಸಿಕ್ಕರೆ ಅಷ್ಟು, ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಿ. ಅಂಚಿನಲ್ಲಿ ಅವರು ಹಾಕಿದ ಗುರುತಿಗೆ ಏನರ್ಥ ಎಂದೂ ಕೇಳಿ ಬರೆಯಿರಿ. ಒಂದು ಗೆರೆ ಅಂದರೆ ಹನಿಯೋ, ಹದ ಮಳೆಯೋ?